ಪಟ್ಟಿ ಪ್ರಕಟವಾಗುವ ಮುನ್ನದ ವಾರಗಳು

ಪ್ರತಿ ವಿಶ್ವಕಪ್ಪಿಗೂ ಮುಂಚಿನ ಐದಾರು ವಾರಗಳಲ್ಲಿ ನಾನು ಫುಟ್‌ಬಾಲ್ ನೋಡುವ ರೀತಿಯೇ ಬದಲಾಗಿಬಿಡುತ್ತದೆ. ಯಾರು ಗೋಲು ಹೊಡೆದರು, ಯಾವ ಕ್ಲಬ್ ಗೆದ್ದಿತು ಎಂಬುದೆಲ್ಲ ಹಿಂದೆ ಸರಿದು, ನೆಲಕ್ಕೆ ಬಿದ್ದ ಆಟಗಾರ ಮತ್ತೆ ಎದ್ದು ನಿಂತನೇ ಎಂಬುದೊಂದೇ ಮುಖ್ಯವಾಗುತ್ತದೆ. ವೇಗವಾಗಿ ಓಡುತ್ತಿದ್ದವನು ಇದ್ದಕ್ಕಿದ್ದಂತೆ ಹೆಜ್ಜೆ ನಿಧಾನಿಸಿ ತೊಡೆಯ ಹಿಂಭಾಗವನ್ನು ಹಿಡಿದುಕೊಂಡರೆ ಎದೆ ಧಸಕ್ಕೆನ್ನುತ್ತದೆ. ಅವನು ನನ್ನ ಮೆಚ್ಚಿನ ತಂಡದವನಾಗಿರಬೇಕೆಂದಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ತೆರೆಯುವ ಬಾಗಿಲು ಅವನ ಕಣ್ಣೆದುರೇ ಮುಚ್ಚಿಕೊಳ್ಳುತ್ತಿರುವುದು ಅವನ ಮುಖದಲ್ಲೇ ಕಾಣಿಸುತ್ತಿರುತ್ತದೆ.

ಇಂಥ ಗಾಯಗಳ ಬಗ್ಗೆ ಬರೆಯುವಾಗಲೆಲ್ಲ ನಾವು ‘ದುರದೃಷ್ಟ’ ಎಂಬ ಪದವನ್ನು ಬಳಸುತ್ತೇವೆ. ಕೆಲವು ಗಾಯಗಳಿಗೆ ಆ ಪದ ನಿಜಕ್ಕೂ ಒಪ್ಪುತ್ತದೆ. 2002ರ ವಿಶ್ವಕಪ್ಪಿಗೆ ಕೆಲವೇ ದಿನಗಳಿದ್ದಾಗ ಸ್ಪೇನಿನ ಗೋಲ್‌ಕೀಪರ್ ಸಾಂಟಿಯಾಗೊ ಕನ್ಯಿಜಾರೆಸ್ ಅವರ ಕೈಯಿಂದ ಸುಗಂಧದ್ರವ್ಯದ ಬಾಟಲಿಯೊಂದು ಜಾರಿತು. ಅದು ನೆಲಕ್ಕೆ ಬೀಳದಂತೆ ತಡೆಯಲು ಅವರು ಕಾಲು ಚಾಚಿದರು, ಒಡೆದ ಗಾಜು ಪಾದದ ಸ್ನಾಯುರಜ್ಜನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯನ್ನು, ಕತ್ತರಿಸಿತು. ಅವರ ಜಾಗದಲ್ಲಿ ನಿಂತ ಇಕರ್ ಕಸಿಯಾಸ್ ಮುಂದೆ ಸ್ಪೇನಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕರಾದರು. ಇಂಥದ್ದನ್ನು ಯಾರೂ ತಡೆಯಲಾರರು. ಆದರೆ ಎರಡು ದಶಕಗಳಿಂದ ಈ ಆಟವನ್ನು ನೋಡುತ್ತ ಬಂದಿರುವ ನನಗೆ, ಟೂರ್ನಿಯ ಹೊಸ್ತಿಲಲ್ಲಿ ಆಗುವ ಬಹುಪಾಲು ಗಾಯಗಳಿಗೆ ಕಾರಣ ಹುಡುಕಿದರೆ ಸಿಗುತ್ತದೆ ಎಂಬುದು ದಿನೇ ದಿನೇ ಸ್ಪಷ್ಟವಾಗುತ್ತಿದೆ. ಗಾಯವಾದ ನಂತರ ನಡೆಯುವ ಅವಸರವಂತೂ ಸಂಪೂರ್ಣವಾಗಿ ಮನುಷ್ಯರೇ ಕೈಗೊಳ್ಳುವ ತೀರ್ಮಾನ. ಆ ತೀರ್ಮಾನವನ್ನು ಯಾರು ಕೈಗೊಳ್ಳಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಮೊದಲು ಕಾರಣದ ಮಾತು. ತೊಡೆಯ ಹಿಂಭಾಗದಲ್ಲಿರುವ ಮೂರು ಸ್ನಾಯುಗಳ ಗುಂಪನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ಪೂರ್ಣ ವೇಗದಲ್ಲಿ ಓಡುವಾಗ ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಈ ಸ್ನಾಯುಗಳು ಒಂದೆಡೆ ಹಿಗ್ಗುತ್ತಲೇ ಇನ್ನೊಂದೆಡೆ ಕಾಲಿನ ವೇಗಕ್ಕೆ ಕಡಿವಾಣ ಹಾಕಬೇಕಾಗುತ್ತದೆ. ದಣಿದ ಸ್ನಾಯು ಸಾಮಾನ್ಯವಾಗಿ ಹರಿಯುವುದು ಆ ಕ್ಷಣದಲ್ಲೇ. ಯುರೋಪಿನ ದೊಡ್ಡ ಕ್ಲಬ್‌ಗಳ ಆಟಗಾರರನ್ನು ಅಲ್ಲಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 2001ರಿಂದ ಅಧ್ಯಯನ ಮಾಡುತ್ತ ಬಂದಿದೆ. ಅದರ ಪ್ರಕಾರ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು ಮೊದಲ ವರ್ಷ ಶೇಕಡಾ 12 ಇತ್ತು. 2021-22ರ ಹೊತ್ತಿಗೆ ಅದು ಶೇಕಡಾ 24ಕ್ಕೆ ಏರಿತ್ತು. ಇದೇ ಎರಡು ದಶಕಗಳಲ್ಲಿ ವೈದ್ಯಕೀಯ ಸೌಲಭ್ಯ, ಆಹಾರಕ್ರಮ, ತರಬೇತಿ ಎಲ್ಲವೂ ಎಷ್ಟೋ ಸುಧಾರಿಸಿವೆ. ಹಾಗಿದ್ದೂ ಪಾಲು ಇಮ್ಮಡಿಯಾಗಿದೆ ಎಂದರೆ, ಆಟದ ವೇಗ ಹೆಚ್ಚಿದೆ, ಪಂದ್ಯಗಳ ನಡುವಿನ ಬಿಡುವು ಕಡಿಮೆಯಾಗಿದೆ, ಅದರ ಹೊರೆಯನ್ನು ಆಟಗಾರರ ಕಾಲುಗಳು ಹೊರುತ್ತಿವೆ ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಇದು ಎದ್ದು ಕಂಡದ್ದು 2022ರಲ್ಲಿ. ಕತಾರಿನ ಬೇಸಿಗೆಯ ಬಿಸಿಲಿಗೆ ಹೆದರಿ ವಿಶ್ವಕಪ್ಪನ್ನು ನವೆಂಬರ್ 20ಕ್ಕೆ ಮುಂದೂಡಿದ್ದರಿಂದ ಅದು ಯುರೋಪಿನ ಲೀಗ್‌ಗಳ ನಡುಮಧ್ಯದಲ್ಲಿ ಬಂದು ಕೂತಿತು. ಸಾಮಾನ್ಯ ವರ್ಷಗಳಲ್ಲಿ ಲೀಗ್ ಮುಗಿದ ಮೇಲೆ ಮೂರು ನಾಲ್ಕು ವಾರಗಳಾದರೂ ಸಿಗುತ್ತಿದ್ದವು. ಸಣ್ಣ ಪುಟ್ಟ ಉಳುಕು, ಎಳೆತಗಳು ಆ ಬಿಡುವಿನಲ್ಲಿ ವಾಸಿಯಾಗುತ್ತಿದ್ದವು. ಈ ಬಾರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನವೆಂಬರ್ 13ರ ತನಕ ನಡೆಯಿತು. ಕೈಗೆ ಸಿಕ್ಕಿದ್ದು ಒಂದು ವಾರ. ಅದಕ್ಕೂ ಹಿಂದಿನ ಎರಡು ತಿಂಗಳಲ್ಲಿ, ಮುಂದೆ ಬರುವ ವಿರಾಮಕ್ಕೆ ಜಾಗ ಮಾಡಿಕೊಡಲೆಂದು, ಮೂರು ನಾಲ್ಕು ದಿನಕ್ಕೊಂದರಂತೆ ಪಂದ್ಯಗಳನ್ನು ಒತ್ತೊತ್ತಾಗಿ ತುಂಬಲಾಗಿತ್ತು. ಸಾಮಾನ್ಯವಾಗಿ ಎರಡು ವಾರಗಳಲ್ಲಿ ಗುಣವಾಗುವ ಮೀನಖಂಡದ ಎಳೆತವೂ ಇಂಥ ವೇಳಾಪಟ್ಟಿಯಲ್ಲಿ ವಿಶ್ವಕಪ್ಪನ್ನೇ ಕಸಿದುಕೊಳ್ಳಬಲ್ಲದು.

ಫ್ರಾನ್ಸ್ ತಂಡದ ಕತೆಯನ್ನೇ ತೆಗೆದುಕೊಳ್ಳಿ. 2018ರಲ್ಲಿ ವಿಶ್ವಕಪ್ ಗೆದ್ದ ತಂಡದ ಮಧ್ಯಭಾಗದ ಎರಡು ಕಂಬಗಳಾಗಿದ್ದ ಪೌಲ್ ಪೋಗ್ಬಾ ಮತ್ತು ಎನ್‌ಗೊಲೊ ಕಾಂಟೆ ಇಬ್ಬರೂ ವಿಶ್ವಕಪ್ ತಂಡದ ಪಟ್ಟಿ ಪ್ರಕಟವಾಗುವ ಮೊದಲೇ ಹೊರಗುಳಿದಿದ್ದರು. ಪೋಗ್ಬಾಗೆ ಮೊಣಕಾಲಿನ ತೊಂದರೆ, ಕಾಂಟೆಗೆ ಹ್ಯಾಮ್‌ಸ್ಟ್ರಿಂಗ್ ಶಸ್ತ್ರಚಿಕಿತ್ಸೆ. ಪಟ್ಟಿಯಲ್ಲಿದ್ದ ಪ್ರೆಸ್ನೆಲ್ ಕಿಂಪೆಂಬೆ, ತನ್ನ ದೇಹ ಇನ್ನೂ ಸಿದ್ಧವಾಗಿಲ್ಲವೆಂದು ಹಿಂದೆ ಸರಿದರು. ನವೆಂಬರ್ 15ರ ಅಭ್ಯಾಸದಲ್ಲಿ ಸಹ ಆಟಗಾರನ ಕಾಲಿಗೆ ಕಾಲು ತಾಗಿ ಕ್ರಿಸ್ಟೋಫರ್ ಎನ್‌ಕುಂಕು ಬಿದ್ದರು. ನವೆಂಬರ್ 19ರಂದು, ಅಂದರೆ ಟೂರ್ನಿ ಆರಂಭವಾಗಲು ಒಂದೇ ದಿನವಿದ್ದಾಗ, ಕರೀಂ ಬೆಂಜೆಮಾ ಅವರ ತೊಡೆಯ ಸ್ನಾಯು ಕೈಕೊಟ್ಟಿತು. ತಿಂಗಳ ಹಿಂದಷ್ಟೇ ಅವರು ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪ್ರಶಸ್ತಿ ಪಡೆದಿದ್ದರು. ಕೋಚ್ ದಿದಿಯೆ ದೆಶಾಂ ಬೆಂಜೆಮಾ ಜಾಗಕ್ಕೆ ಯಾರನ್ನೂ ಕರೆಸಿಕೊಳ್ಳಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ: ಆಸ್ಟ್ರೇಲಿಯಾ ವಿರುದ್ಧದ ಮೊದಲ ಪಂದ್ಯದ ಆರಂಭದಲ್ಲೇ ಲೂಕಾ ಎರ್ನಾಂಡೆಸ್ ಮೊಣಕಾಲಿನ ಮೂಳೆಗಳನ್ನು ಜೋಡಿಸುವ ಲಿಗಮೆಂಟ್ ಹರಿದುಕೊಂಡು ಬಿದ್ದರು, ಅವರ ಜಾಗಕ್ಕೆ ಮೈದಾನಕ್ಕಿಳಿದವರು ಅವರ ತಮ್ಮ ತಿಯೋ. ಅಣ್ಣನನ್ನು ಹೊರಗೆ ಕರೆದೊಯ್ಯುತ್ತಿರುವಾಗ ತಮ್ಮ ಒಳಗೆ ಬರುತ್ತಿದ್ದ ಆ ಗಳಿಗೆಯಲ್ಲಿ ತಿಯೋ ಮನಸ್ಸಿನಲ್ಲಿ ಏನು ನಡೆದಿತ್ತೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಇಷ್ಟೆಲ್ಲ ಕಳೆದುಕೊಂಡೂ ಫ್ರಾನ್ಸ್ ಫೈನಲ್ ತಲುಪಿತು. ಎನ್‌ಕುಂಕು ಜಾಗಕ್ಕೆ ಕರೆ ಬಂದ ರಾಂಡಾಲ್ ಕೊಲೊ ಮುವಾನಿ ಸೆಮಿಫೈನಲಿನಲ್ಲಿ ಮೊರಾಕ್ಕೊ ವಿರುದ್ಧ ಮೈದಾನಕ್ಕಿಳಿದ ಒಂದು ನಿಮಿಷದೊಳಗೇ ಗೋಲು ಹೊಡೆದರು. ಅರ್ಜೆಂಟೀನಾ ವಿರುದ್ಧದ ಫೈನಲಿನ ಹೆಚ್ಚುವರಿ ಸಮಯ ಮುಗಿಯುವ ಕೊನೆಯ ಕ್ಷಣಗಳಲ್ಲಿ, 3-3ರ ಸಮಬಲವಿದ್ದಾಗ, ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಸ್ ಎದುರು ಒಂಟಿಯಾಗಿ ಚೆಂಡು ಸಿಕ್ಕಿದ್ದೂ ಇದೇ ಕೊಲೊ ಮುವಾನಿಗೆ. ಮಾರ್ಟಿನೆಸ್ ಚಾಚಿದ ಎಡಗಾಲು ಆ ಹೊಡೆತವನ್ನು ತಡೆಯಿತು. ಐದು ವಾರಗಳ ಹಿಂದೆ ತಂಡದಲ್ಲೇ ಇರದಿದ್ದ ಹುಡುಗನ ಕಾಲಿಗೆ ವಿಶ್ವಕಪ್ ಬಂದು ನಿಂತಿತ್ತು ಎಂಬುದು ಆ ಹೊತ್ತಿಗೆ ಎಷ್ಟು ಜನರಿಗೆ ನೆನಪಿತ್ತೋ ಕಾಣೆ. ಗೆದ್ದ ಅರ್ಜೆಂಟೀನಾ ಕೂಡ ಮಿಡ್‌ಫೀಲ್ಡಿನ ಮುಖ್ಯ ಆಟಗಾರ ಜಿಯೊವಾನಿ ಲೊ ಸೆಲ್ಸೊ ಅವರನ್ನು ಗಾಯದಿಂದಾಗಿ ಮನೆಯಲ್ಲೇ ಬಿಟ್ಟು ಬಂದಿತ್ತು.

ಸೆನೆಗಲ್‌ನ ಕತೆ ಇದಕ್ಕಿಂತ ನೋವಿನದು. ಆ ವರ್ಷದ ಫೆಬ್ರುವರಿಯಲ್ಲಿ ಸಾದಿಯೊ ಮಾನೆ ಹೊಡೆದ ಪೆನಾಲ್ಟಿಯಿಂದಲೇ ಸೆನೆಗಲ್ ಮೊದಲ ಬಾರಿಗೆ ಆಫ್ರಿಕಾ ಕಪ್ ಗೆದ್ದಿತ್ತು. ಮಾರ್ಚಿನಲ್ಲಿ ಅವರದೇ ಪೆನಾಲ್ಟಿ ತಂಡವನ್ನು ಕತಾರಿಗೂ ತಲುಪಿಸಿತ್ತು. ನವೆಂಬರ್ 8ರಂದು ಬಯರ್ನ್ ಮ್ಯೂನಿಕ್ ಪರ ಆಡುವಾಗ ಅವರ ಕಾಲಿಗೆ ಪೆಟ್ಟು ಬಿತ್ತು. ಮೂರು ದಿನಗಳ ನಂತರ ಪ್ರಕಟವಾದ ಸೆನೆಗಲ್ ಪಟ್ಟಿಯಲ್ಲಿ ಅವರ ಹೆಸರು ಇತ್ತು, ಏಕೆಂದರೆ ಇಡೀ ದೇಶಕ್ಕೆ ಆ ಹೆಸರಿಲ್ಲದ ಪಟ್ಟಿಯನ್ನು ಕಲ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಇನ್ನೊಂದು ವಾರದೊಳಗೆ ಸ್ಕ್ಯಾನಿಂಗ್ ವರದಿ ಎಲ್ಲ ಆಸೆಯನ್ನೂ ಅಳಿಸಿತು, ಶಸ್ತ್ರಚಿಕಿತ್ಸೆ ನಡೆಯಿತು. ಮಾನೆಯಿಲ್ಲದೆಯೇ ಸೆನೆಗಲ್ ಎರಡನೆಯ ಸುತ್ತು ತಲುಪಿ ಇಂಗ್ಲೆಂಡಿಗೆ 3-0ರಿಂದ ಸೋತಿತು. ಅದೇ ನವೆಂಬರ್ ಒಂದರಂದು ಎಡಗಣ್ಣಿನ ಸುತ್ತಲಿನ ಮೂಳೆ ಮುರಿದುಕೊಂಡ ದಕ್ಷಿಣ ಕೊರಿಯಾದ ನಾಯಕ ಸನ್ ಹ್ಯೂಂಗ್-ಮಿನ್ ಮಾತ್ರ ಶಸ್ತ್ರಚಿಕಿತ್ಸೆಯ ಮೂರು ವಾರಗಳೊಳಗೆ ಮುಖಕ್ಕೆ ಕಪ್ಪು ಕವಚ ತೊಟ್ಟು ಆಡಿದರು. ಪೋರ್ಚುಗಲ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಮೈದಾನದ ಉದ್ದಕ್ಕೂ ಓಡಿ ಅವರು ಕೊಟ್ಟ ಪಾಸಿನಿಂದ ಬಂದ ಗೋಲು ಕೊರಿಯಾವನ್ನು ಮುಂದಿನ ಸುತ್ತಿಗೆ ಒಯ್ದಿತು. ಮುಖದ ಮೂಳೆಗೆ ಕವಚ ಹಾಕಬಹುದು. ಕಾಲಿನ ಮೂಳೆಗೆ ಅಂಥ ಉಪಾಯವಿಲ್ಲ.

ಅವಸರದ ಇತಿಹಾಸ ಇದಕ್ಕಿಂತ ಹಳೆಯದು. 2002ರ ಏಪ್ರಿಲ್ 10ರಂದು ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುತ್ತಿದ್ದ ಡೇವಿಡ್ ಬೆಕಮ್ ಅವರ ಎಡಪಾದದ ಮೂಳೆ ಮುರಿಯಿತು. ಅಲ್ಲಿಯ ತನಕ ವೈದ್ಯರ ಬಾಯಲ್ಲಷ್ಟೇ ಇದ್ದ ‘ಮೆಟಟಾರ್ಸಲ್’ ಎಂಬ ಪದ ಮನೆಮಾತಾದದ್ದು ಆಗಲೇ. ಪಾದದ ಬೆರಳುಗಳಿಗೂ ಪಾದದ ಹಿಂಭಾಗಕ್ಕೂ ನಡುವೆ ಇರುವ ಐದು ಉದ್ದನೆಯ ಮೂಳೆಗಳಿಗೆ ಆ ಹೆಸರು. ಬ್ರಿಟನ್ನಿನ ಪತ್ರಿಕೆಯೊಂದು ಅವರ ಪಾದದ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿ, ಓದುಗರು ಅದರ ಮೇಲೆ ಕೈಯಿಟ್ಟು ಹಾರೈಸುವಂತೆ ಕೋರಿತು. 53 ದಿನಗಳ ನಂತರ ಸ್ವೀಡನ್ ವಿರುದ್ಧ ಬೆಕಮ್ ಆಡಿದರು, ಅರ್ಜೆಂಟೀನಾ ವಿರುದ್ಧ ಪೆನಾಲ್ಟಿಯಲ್ಲಿ ಗೋಲು ಹೊಡೆದು ಇಂಗ್ಲೆಂಡಿಗೆ ಜಯ ತಂದುಕೊಟ್ಟರು. ಆದರೆ ಕ್ವಾರ್ಟರ್‌ಫೈನಲಿನಲ್ಲಿ ಬ್ರೆಜಿಲ್‌ನ ರಿವಾಲ್ಡೊ ಸಮಬಲದ ಗೋಲು ಹೊಡೆಯುವುದಕ್ಕೆ ಕೆಲವು ಸೆಕೆಂಡುಗಳ ಮುಂಚೆ, ಅಂಚುಗೆರೆಯ ಬಳಿ ಎದುರಾಳಿಗಳ ಕಾಲು ತಾಗದಂತೆ ಬೆಕಮ್ ಮೇಲಕ್ಕೆ ಜಿಗಿದದ್ದನ್ನು ನೋಡಿದವರು ಮರೆತಿಲ್ಲ. ಅದಕ್ಕಾಗಿ ಅವರನ್ನು ದೂಷಿಸುವವರನ್ನು ನಾನು ಒಪ್ಪುವುದಿಲ್ಲ. ಹತ್ತು ವಾರಗಳ ಹಿಂದೆ ಮುರಿದ ಪಾದ ತನ್ನನ್ನು ತಾನು ಕಾಪಾಡಿಕೊಂಡಿತು, ಅಷ್ಟೆ. ಮೂಳೆ ಕೂಡಿದ ಮೇಲೂ ದೇಹ ಆ ಪೆಟ್ಟನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ.

ನಾಲ್ಕು ವರ್ಷಗಳ ನಂತರ ಅದೇ ದೇಶ ಅದೇ ಪ್ರಯೋಗವನ್ನು ವೇಯ್ನ್ ರೂನಿ ಮೇಲೆ ಮಾಡಿತು. 2006ರ ಏಪ್ರಿಲ್ 29ರಂದು ಬಲಪಾದದ ಮೆಟಟಾರ್ಸಲ್ ಮುರಿದುಕೊಂಡ ರೂನಿ 47 ದಿನಗಳ ನಂತರ ಮೈದಾನಕ್ಕಿಳಿದರು. ಇಡೀ ಟೂರ್ನಿಯಲ್ಲಿ ಒಂದು ಗೋಲನ್ನೂ ಹೊಡೆಯಲಾಗದೆ, ಕೊನೆಗೆ ಪೋರ್ಚುಗಲ್ ವಿರುದ್ಧ ಕೆಂಪು ಕಾರ್ಡ್ ಪಡೆದು ಹೊರನಡೆದರು. ಅದೇ ತಂಡದಲ್ಲಿದ್ದ ಮೈಕೆಲ್ ಓವನ್ ಕೂಡ ಹಿಂದಿನ ಡಿಸೆಂಬರಿನಲ್ಲಿ ಪಾದದ ಮೂಳೆ ಮುರಿದುಕೊಂಡು, ಕ್ಲಬ್ ಪರ ಅರ್ಧ ತಾಸಿನಷ್ಟೇ ಆಡಿ ಜರ್ಮನಿಗೆ ಬಂದಿದ್ದರು. ಸ್ವೀಡನ್ ವಿರುದ್ಧದ ಪಂದ್ಯದ ಮೊದಲ ನಿಮಿಷದಲ್ಲೇ, ಯಾರೂ ಮುಟ್ಟದಿದ್ದರೂ, ಅವರ ಮೊಣಕಾಲು ತಿರುಚಿಕೊಂಡಿತು. ತೆವಳುತ್ತ ಅಂಚುಗೆರೆ ದಾಟಿದ ಓವನ್ ಮತ್ತೆ ಆಡಿದ್ದು 2007ರ ಏಪ್ರಿಲಿನಲ್ಲಿ.

ಇಂಥ ಪ್ರಯೋಗಗಳು ಯಾಕೆ ನಿಲ್ಲುವುದಿಲ್ಲವೆಂದರೆ, ಅವು ಆಗೊಮ್ಮೆ ಈಗೊಮ್ಮೆ ಫಲಿಸಿಬಿಡುತ್ತವೆ. 2014ರ ಮೇ 22ರಂದು ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಉರುಗ್ವೆಯ ಲೂಯಿಸ್ ಸುವಾರೆಸ್ 28 ದಿನಗಳ ನಂತರ ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದರು. ತಾನೇ ಕ್ಯಾನ್ಸರಿನೊಡನೆ ಹೋರಾಡುತ್ತ ತನ್ನನ್ನು ಸಿದ್ಧಗೊಳಿಸಿದ ತಂಡದ ಫಿಸಿಯೋಥೆರಪಿಸ್ಟ್ ಕಡೆಗೆ ಅವರು ಆ ದಿನ ಬೆರಳು ತೋರಿದ ದೃಶ್ಯಕ್ಕೆ ನಾನೂ ಕಣ್ಣೀರು ಹಾಕಿದ್ದೆ. ಅದೇ ಮೇ 24ರಂದು ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲಿಗೆ ಹ್ಯಾಮ್‌ಸ್ಟ್ರಿಂಗ್ ವಾಸಿಯಾಗದೆಯೇ ಇಳಿದ ಡಿಯೆಗೊ ಕೋಸ್ಟಾ ಒಂಬತ್ತನೆಯ ನಿಮಿಷದಲ್ಲಿ ಹೊರಬಂದರು. ಅವರ ಕ್ಲಬ್ ಅಟ್ಲೆಟಿಕೊ ಒಂದು ಬದಲಿ ಅವಕಾಶವನ್ನು ಅಲ್ಲೇ ಕಳೆದುಕೊಂಡಿತು, ಹೆಚ್ಚುವರಿ ಸಮಯದಲ್ಲಿ 4-1ರಿಂದ ಸೋತಿತು. ವಿಶ್ವಕಪ್ಪಿನಲ್ಲಿ ಸ್ಪೇನ್ ಪರ ಎರಡು ಪಂದ್ಯ ಆಡಿದ ಕೋಸ್ಟಾ ಎರಡರಲ್ಲೂ ಅರ್ಧಕ್ಕೇ ಹೊರಬಂದರು, ಎರಡನ್ನೂ ಸೋತ ಸ್ಪೇನ್ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತು. ಮುಂದಿನ ಟೂರ್ನಿಯಲ್ಲಿ ಇಂಥದೇ ಸಂದರ್ಭ ಎದುರಾದಾಗ ಎಲ್ಲರಿಗೂ ನೆನಪಾಗುವವರು ಸುವಾರೆಸ್. ಕೋಸ್ಟಾ ಯಾರಿಗೂ ನೆನಪಾಗುವುದಿಲ್ಲ.

2018ರಲ್ಲಿ ಈಜಿಪ್ಟ್ ಕೂಡ ಹೀಗೆಯೇ ದಿನ ಎಣಿಸಿತು. 28 ವರ್ಷಗಳ ನಂತರ ವಿಶ್ವಕಪ್ಪಿಗೆ ಬಂದಿದ್ದ ಆ ದೇಶದ ಎಲ್ಲ ಆಸೆಯೂ ಮೊಹಮದ್ ಸಲಾ ಮೇಲಿತ್ತು. ಮೇ 26ರ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಸೆರ್ಜಿಯೊ ರಾಮೋಸ್ ಜೊತೆ ಕೈ ಸಿಕ್ಕಿಕೊಂಡು ಬಿದ್ದ ಸಲಾ ಭುಜ ಹಿಡಿದು ಅಳುತ್ತ ಹೊರನಡೆದರು. ಜೂನ್ 15ರಂದು, ಅವರ 26ನೆಯ ಹುಟ್ಟುಹಬ್ಬದ ದಿನ, ಅವರು ಬೆಂಚಿನ ಮೇಲೆ ಕೂತು ನೋಡುತ್ತಿರುವಾಗ ಉರುಗ್ವೆ 89ನೆಯ ನಿಮಿಷದ ಗೋಲಿನಿಂದ ಗೆದ್ದಿತು. ನಂತರದ ಎರಡೂ ಪಂದ್ಯಗಳಲ್ಲಿ ಸಲಾ ಆಡಿ ಗೋಲು ಹೊಡೆದರು, ಈಜಿಪ್ಟ್ ಎರಡನ್ನೂ ಸೋತಿತು.

ಇದನ್ನೆಲ್ಲ ನಾನು ದೂರದಿಂದ ನೋಡಿದವನಂತೆ ಬರೆಯುತ್ತಿದ್ದೇನೆ. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ, ತೀರಾ ಸಣ್ಣ ಮಟ್ಟದಲ್ಲಾದರೂ, ಈ ಪ್ರಶ್ನೆ ನನ್ನ ಮುಂದೆಯೂ ಬಂದಿತ್ತು. ಅಂತರಕಾಲೇಜು ಪಂದ್ಯಾವಳಿಗೆ ಎರಡು ವಾರವಿದ್ದಾಗ ಅಭ್ಯಾಸದಲ್ಲಿ ನನ್ನ ಎಡತೊಡೆಯ ಹಿಂಭಾಗದಲ್ಲಿ ಏನೋ ಚಿಟ್ಟೆಂದು ಕಿತ್ತಂತಾಯಿತು. ಹತ್ತು ದಿನಗಳಲ್ಲಿ ನಡೆಯುವಾಗಿನ ನೋವು ಹೋಯಿತು, ನಿಧಾನವಾಗಿ ಓಡುವುದೂ ಸಾಧ್ಯವಾಯಿತು. ಪಂದ್ಯದ ಹಿಂದಿನ ಸಂಜೆ ತರಬೇತುದಾರರು ಹೆಗಲ ಮೇಲೆ ಕೈಯಿಟ್ಟು, “ಆಡ್ತೀಯೇನಪ್ಪಾ, ಆಗುತ್ತಾ?” ಎಂದು ಕೇಳಿದರು. ಅವರ ದನಿಯಲ್ಲಿ ಒತ್ತಾಯವೇನೂ ಇರಲಿಲ್ಲ, ಪ್ರೀತಿಯಿತ್ತು. ನಾನು, “ಆಗುತ್ತೆ ಸರ್” ಎಂದೆ. ಬೇರೆ ಏನು ಹೇಳಬಹುದಿತ್ತು? ಎರಡನೆಯ ಅವಧಿಯಲ್ಲಿ ಚೆಂಡಿನ ಹಿಂದೆ ಪೂರ್ತಿ ವೇಗದಲ್ಲಿ ಓಡಿದ ಮೊದಲ ಸಲವೇ ಅದೇ ಜಾಗದಲ್ಲಿ, ಮೊದಲಿಗಿಂತ ಆಳವಾಗಿ ಸ್ನಾಯು ಹರಿಯಿತು. ಆ ವರ್ಷ ಪೂರ್ತಿ ಆಡಲಿಲ್ಲ. ಆಮೇಲೆ ಆಡಿದರೂ ಆ ಕಾಲನ್ನು ನಂಬಿ ಓಡಲು ನನ್ನಿಂದ ಆಗಲೇ ಇಲ್ಲ.

ಆಡುತ್ತೀಯಾ ಎಂದು ಗಾಯಗೊಂಡ ಆಟಗಾರನನ್ನೇ ಕೇಳುವುದರಲ್ಲಿ ಏನು ತಪ್ಪಿದೆ ಎಂಬುದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ಇಷ್ಟು ವರ್ಷ ಆ ಒಂದು ಪಂದ್ಯಕ್ಕಾಗಿ ಬದುಕಿದವನ ಬಾಯಿಂದ ಒಂದೇ ಉತ್ತರ ಬರಲು ಸಾಧ್ಯ. ಆ ಉತ್ತರವನ್ನು ಅವನ ಒಪ್ಪಿಗೆ ಎಂದು ದಾಖಲಿಸಿಕೊಂಡು ಉಳಿದವರೆಲ್ಲ ಹಗುರಾಗುತ್ತಾರೆ. ನೋವು ನಿಂತಿದೆಯೆಂದರೆ ಗಾಯ ಮಾಗಿದೆಯೆಂದು ಆಟಗಾರ ನಂಬುವುದು ಸಹಜ. ಹೊಸದಾಗಿ ಕೂಡಿಕೊಂಡ ಸ್ನಾಯು ನಡಿಗೆಯನ್ನು ತಡೆದುಕೊಳ್ಳುತ್ತದೆ, ಓಟವನ್ನೂ ತಡೆದುಕೊಳ್ಳಬಹುದು. ಅದು ಸೋಲುವುದು ಎದುರಾಳಿಯನ್ನು ಹಿಂದಿಕ್ಕಲು ಪ್ರಾಣ ಕೊಟ್ಟು ಓಡುವ ಆ ನಾಲ್ಕೈದು ಹೆಜ್ಜೆಗಳಲ್ಲಿ. ಅಂಥ ಓಟ ಅಭ್ಯಾಸದ ಮೈದಾನದಲ್ಲಿ ಬರುವುದೇ ಇಲ್ಲ.

ಆಟಗಾರನನ್ನು ಬಿಟ್ಟರೆ ತೀರ್ಮಾನಿಸುವವರು ಇಬ್ಬರು: ಸಂಬಳ ಕೊಡುವ ಕ್ಲಬ್, ಕರೆಸಿಕೊಳ್ಳುವ ರಾಷ್ಟ್ರೀಯ ತಂಡ. ಇಬ್ಬರಿಗೂ ಅವರವರ ಹಿತವಿದೆ. ಮೊರಾಕ್ಕೊದ ಅಬ್ದೆಲ್‌ಮಜೀದ್ ಊಲ್ಮೆರ್ಸ್ 2004ರಲ್ಲಿ ದೇಶದ ಪರ ಆಡುವಾಗ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದಾಗ, ಅವರ ಬೆಲ್ಜಿಯಂ ಕ್ಲಬ್ ಶಾರ್ಲೆರ್ವಾ ಪರಿಹಾರ ಕೇಳಿ ಫೀಫಾ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ದೊಡ್ಡ ಕ್ಲಬ್‌ಗಳೂ ಬೆನ್ನಿಗೆ ನಿಂತ ಆ ಮೊಕದ್ದಮೆ 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಮುಂದೆ 2012ರಲ್ಲಿ ಫೀಫಾ ಕ್ಲಬ್‌ಗಳ ರಕ್ಷಣೆಗೆಂದೇ ಒಂದು ಯೋಜನೆ ತಂದಿತು. ಆಟಗಾರ ದೇಶದ ಪರ ಆಡುವಾಗ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ ಅವನ ಸಂಬಳದ ಲೆಕ್ಕದಲ್ಲಿ ಕ್ಲಬ್ಬಿಗೆ ಹಣ ಸಿಗುತ್ತದೆ. ದಿನಕ್ಕೆ ಹೆಚ್ಚೆಂದರೆ 20,548 ಯೂರೊ, ಒಬ್ಬ ಆಟಗಾರನಿಗೆ ಒಟ್ಟು 75 ಲಕ್ಷ ಯೂರೊ ತನಕ. ಹಣದ ಜಗಳಕ್ಕೆ ಇದರಿಂದ ಒಂದು ದಾರಿ ಸಿಕ್ಕಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಕಾಲು ಯಾರದೋ ಅವನ ವೈದ್ಯಕೀಯ ತೀರ್ಮಾನವನ್ನು ಕ್ಲಬ್ಬಿನ ವೈದ್ಯರು ಮತ್ತು ರಾಷ್ಟ್ರೀಯ ತಂಡದ ವೈದ್ಯರು ಎದುರುಬದುರು ಕೂತು ಎಳೆದಾಡುವುದು ಈ ಯೋಜನೆಯಿಂದ ನಿಂತಿಲ್ಲ.

ಮಹಿಳಾ ಫುಟ್‌ಬಾಲಿನಲ್ಲಿ ಪರಿಸ್ಥಿತಿ ಇನ್ನೂ ಗಂಭೀರವಾಗಿದೆ, ಅಲ್ಲಿ ಶತ್ರುವಿನ ಹೆಸರೂ ಬೇರೆ. ಮೊಣಕಾಲಿನ ನಡುವೆ ಅಡ್ಡಲಾಗಿ ಹಾದು, ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿಯುವ ಸಂಭವ ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು. ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಯುರೋ 2022ರಲ್ಲಿ ಆರಂಭವಾಗುವ ಹಿಂದಿನ ದಿನ ಅಭ್ಯಾಸದಲ್ಲಿ ಸ್ಪೇನಿನ ಅಲೆಕ್ಸಿಯಾ ಪುತೆಯಾಸ್ ಅದನ್ನು ಹರಿದುಕೊಂಡರು. ಆ ಯುರೋ ಗೆದ್ದ ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್‌ಸನ್, ಆ ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾಗಿದ್ದ ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನೆ ಮಿಡೆಮಾ ಮೂವರೂ 2023ರ ವಿಶ್ವಕಪ್ಪನ್ನು ಎಸಿಎಲ್ ಕಾರಣದಿಂದಲೇ ಕಳೆದುಕೊಂಡರು. ಮೂವರೂ ಆಗ ಒಂದೇ ಕ್ಲಬ್ಬಿನಲ್ಲಿದ್ದರು. ಹರಿದ ಲಿಗಮೆಂಟಿನ ಜಾಗಕ್ಕೆ ವೈದ್ಯರು ಆಟಗಾರ್ತಿಯದೇ ದೇಹದ ಬೇರೆಡೆಯ ಸ್ನಾಯುರಜ್ಜಿನ ತುಂಡನ್ನು ಕೂರಿಸುತ್ತಾರೆ. ಆ ತುಂಡು ಬಲವಾಗುವುದಕ್ಕೆ ಮುಂಚೆ ಕೆಲವು ವಾರಗಳ ಕಾಲ ಇನ್ನಷ್ಟು ದುರ್ಬಲವಾಗುತ್ತದೆ, ಲಿಗಮೆಂಟಾಗಿ ಮಾರ್ಪಡಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತದೆ. ಒಂಬತ್ತು ತಿಂಗಳಿಗೆ ಮುಂಚೆ ಮರಳಿದವರಲ್ಲಿ ಮತ್ತೆ ಗಾಯವಾಗುವ ಅಪಾಯ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಪುತೆಯಾಸ್ ಒಂಬತ್ತು ತಿಂಗಳು ಕಾದು 2023ರ ಏಪ್ರಿಲಿನಲ್ಲಿ ಮರಳಿದರು, ಆಗಸ್ಟಿನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಅದೇ ವಿಶ್ವಕಪ್ಪಿನ ಆತಿಥೇಯ ಆಸ್ಟ್ರೇಲಿಯಾದ ನಾಯಕಿ ಸ್ಯಾಮ್ ಕೆರ್ ಮೀನಖಂಡದ ಗಾಯದಿಂದಾಗಿ ಆಡುತ್ತಿಲ್ಲವೆಂಬ ಸುದ್ದಿ ಹೊರಬಿದ್ದದ್ದು ಮೊದಲ ಪಂದ್ಯಕ್ಕೆ ಒಂದು ತಾಸಿನಷ್ಟು ಮುಂಚೆ, 75,000ಕ್ಕೂ ಹೆಚ್ಚು ಜನ ಸಿಡ್ನಿಯ ಕ್ರೀಡಾಂಗಣಕ್ಕೆ ಬಂದು ಸೇರುತ್ತಿದ್ದಾಗ. ಅವಸರಪಡದ ಆಸ್ಟ್ರೇಲಿಯಾ ಅವರನ್ನು ಎರಡನೆಯ ಸುತ್ತಿನಲ್ಲಿ ಕೆಲವು ನಿಮಿಷಗಳ ಮಟ್ಟಿಗಷ್ಟೇ ಇಳಿಸಿತು. ಸೆಮಿಫೈನಲಿನಲ್ಲಿ ಅವರು ದೂರದಿಂದ ಹೊಡೆದ ಗೋಲು ಆ ಟೂರ್ನಿಯ ಅತ್ಯಂತ ಸುಂದರ ಗೋಲುಗಳಲ್ಲೊಂದು.

ಹಿಂದೆ ಉಳಿದವರ ಬಗ್ಗೆಯೂ ಎರಡು ಮಾತು ಹೇಳಬೇಕು. 2014ರ ಜೂನ್ 6ರಂದು, ಜರ್ಮನಿ ತಂಡ ಬ್ರೆಜಿಲಿಗೆ ಹೊರಡುವ ಹಿಂದಿನ ದಿನ, ಅರ್ಮೇನಿಯಾ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಮಾರ್ಕೊ ರಾಯ್ಸ್ ಕಣಕಾಲು ಉಳುಕಿಸಿಕೊಂಡರು. ಜರ್ಮನಿ ವಿಶ್ವಕಪ್ ಗೆದ್ದ ರಾತ್ರಿ, ಗೆಲುವಿನ ಗೋಲು ಹೊಡೆದ ಮಾರಿಯೊ ಗೊಟ್ಜೆ ರಾಯ್ಸ್ ಹೆಸರಿದ್ದ ಅಂಗಿಯನ್ನು ಎತ್ತಿ ಹಿಡಿದು ನಿಂತಿದ್ದರು. ರಾಯ್ಸ್ 2016ರ ಯುರೋವನ್ನೂ 2022ರ ವಿಶ್ವಕಪ್ಪನ್ನೂ ಗಾಯದಿಂದಲೇ ಕಳೆದುಕೊಂಡರು. 2010ರ ಮೇ 15ರಂದು ಇಂಗ್ಲೆಂಡಿನ ಎಫ್‌ಎ ಕಪ್ ಫೈನಲಿನಲ್ಲಿ ಕಣಕಾಲಿಗೆ ಪೆಟ್ಟು ತಿಂದ ಮಿಖಾಯೆಲ್ ಬಾಲಾಕ್ ಮತ್ತೆಂದೂ ಜರ್ಮನಿಯ ಅಂಗಿ ತೊಡಲಿಲ್ಲ. ಅವರಿಲ್ಲದ ತಂಡ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಎರಡಕ್ಕೂ ನಾಲ್ಕು ನಾಲ್ಕು ಗೋಲು ಹೊಡೆದು ಮೂರನೆಯ ಸ್ಥಾನ ಪಡೆಯಿತು. ನಾಯಕನಿಲ್ಲದೆಯೂ ತಂಡ ಚೆನ್ನಾಗಿ ಆಡಿತೆಂದು ಆಗ ಎಲ್ಲರೂ ಬರೆದರು. ಮನೆಯಲ್ಲಿ ಕೂತು ಅದನ್ನು ಓದುತ್ತಿದ್ದ ನಾಯಕನನ್ನು ಆಗ ಯಾರು ನೆನೆದರು?

ಪಂದ್ಯಗಳ ಪಂಚಾಂಗ ಮಾತ್ರ ಸಡಿಲಗೊಳ್ಳುವ ಲಕ್ಷಣ ಕಾಣುತ್ತಿಲ್ಲ. 2024ರ ಸೆಪ್ಟೆಂಬರ್ 17ರಂದು, ಪಂದ್ಯಗಳ ಹೊರೆಯಿಂದಾಗಿ ಆಟಗಾರರು ಮುಷ್ಕರಕ್ಕೆ ಹತ್ತಿರವಾಗಿದ್ದಾರೆಂದು ಸ್ಪೇನಿನ ರೋದ್ರಿ ಹೇಳಿದರು. ಐದು ದಿನಗಳ ನಂತರ ಅವರದೇ ಎಸಿಎಲ್ ಹರಿಯಿತು. 2025ರ ಬೇಸಿಗೆಯಲ್ಲಿ, ಆಟಗಾರರು ವಿಶ್ರಾಂತಿ ಪಡೆಯಬಹುದಾಗಿದ್ದ ದಿನಗಳಲ್ಲಿ, 32 ತಂಡಗಳ ಕ್ಲಬ್ ವಿಶ್ವಕಪ್ ಅಮೆರಿಕದಲ್ಲಿ ನಡೆಯಿತು. ಜರ್ಮನಿಯ ಜಮಾಲ್ ಮುಸಿಯಾಲ ಅಲ್ಲೇ ಜುಲೈ 5ರಂದು ಕಾಲಿನ ಮೂಳೆ ಮುರಿದುಕೊಂಡರು. 2026ರ ಜೂನ್ 11ರಿಂದ ಜುಲೈ 19ರ ತನಕ ನಿಗದಿಯಾದ ವಿಶ್ವಕಪ್ಪಿನಲ್ಲಿ ತಂಡಗಳು 48, ಪಂದ್ಯಗಳು 104. ಫೈನಲ್ ಆಡುವ ತಂಡಕ್ಕೆ ಏಳರ ಬದಲು ಎಂಟು ಪಂದ್ಯ.

ನನಗೆ ಅನ್ನಿಸುವುದಿಷ್ಟು. ಕ್ಲಬ್ಬಿಗೂ ರಾಷ್ಟ್ರೀಯ ತಂಡಕ್ಕೂ ಸೇರದ ವೈದ್ಯರೊಬ್ಬರು ಗಾಯದ ಸ್ಕ್ಯಾನಿಂಗ್ ನೋಡಿ ಬೇಡವೆಂದರೆ ಆ ಮಾತು ಅಂತಿಮವಾಗಬೇಕು. ಆಗ ಆಟಗಾರ ತನ್ನ ಬಾಯಿಂದ ‘ಆಗುವುದಿಲ್ಲ’ ಎಂದು ಹೇಳಿ ದೇಶದ ಮುಂದೆ ತಲೆತಗ್ಗಿಸಬೇಕಾದ ಸಂದರ್ಭವೇ ಬರುವುದಿಲ್ಲ. ಇನ್ನೊಂದು, ಬದಲಿ ಆಟಗಾರರ ನಿಯಮ. 2022ರಲ್ಲಿ ಗಾಯಗೊಂಡವರ ಬದಲು ಬೇರೆಯವರನ್ನು ಸೇರಿಸಲು ತಂಡದ ಮೊದಲ ಪಂದ್ಯಕ್ಕೆ 24 ತಾಸು ಮುಂಚಿನ ತನಕ ಮಾತ್ರ ಅವಕಾಶವಿತ್ತು. ಗೋಲ್‌ಕೀಪರ್‌ಗಳಿಗೆ ಮಾತ್ರ ಟೂರ್ನಿಯ ನಡುವೆಯೂ ಅದು ಮುಕ್ತವಾಗಿತ್ತು. ಲೀಗ್ ಹಂತ ಮುಗಿಯುವ ತನಕ ಆ ಅವಕಾಶವನ್ನು ಎಲ್ಲರಿಗೂ ವಿಸ್ತರಿಸಿದರೆ, ಬದಲಿ ಸಿಗುವುದಿಲ್ಲವೆಂಬ ಭಯದಿಂದ ಅರೆ ಮಾಗಿದ ಕಾಲನ್ನು ಮೈದಾನಕ್ಕಿಳಿಸುವ ಒತ್ತಡ ಸ್ವಲ್ಪವಾದರೂ ತಗ್ಗೀತು.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಕೊಲಂಬಿಯಾದ ರಾದಮೆಲ್ ಫಾಲ್ಕಾವೊ. 2014ರ ಜನವರಿ 22ರಂದು ಫ್ರೆಂಚ್ ಕಪ್ಪಿನಲ್ಲಿ ನಾಲ್ಕನೆಯ ದರ್ಜೆಯ ತಂಡವೊಂದರ ಎದುರು ಆಡುವಾಗ ಅವರ ಎಸಿಎಲ್ ಹರಿಯಿತು. ವಿಶ್ವಕಪ್ಪಿಗೆ ಐದು ತಿಂಗಳೂ ಇರಲಿಲ್ಲ. ಆದರೂ ಅವರು ಹಗಲಿರುಳು ಶ್ರಮಿಸಿದರು, 30 ಜನರ ಮೊದಲ ಪಟ್ಟಿಯಲ್ಲಿ ಅವರ ಹೆಸರೂ ಇತ್ತು, ಇಡೀ ದೇಶ ಒಂದು ಪವಾಡಕ್ಕಾಗಿ ಕಾದಿತ್ತು. ಜೂನ್ ಆರಂಭದಲ್ಲಿ ಕೋಚ್ ಹೊಸೆ ಪೆಕೆರ್‌ಮನ್ ಅಂತಿಮ 23 ಜನರನ್ನು ಆರಿಸುವಾಗ, ತಂಡದ ಅತಿ ದೊಡ್ಡ ಆಟಗಾರನ ಹೆಸರನ್ನು ಬಿಟ್ಟರು. ಕೊಲಂಬಿಯಾ ಅವರಿಲ್ಲದೆಯೇ ಮೊದಲ ಬಾರಿಗೆ ಕ್ವಾರ್ಟರ್‌ಫೈನಲ್ ತಲುಪಿತು, ಹಾಮೆಸ್ ರೋದ್ರಿಗೆಸ್ ಆರು ಗೋಲು ಹೊಡೆದು ಟೂರ್ನಿಯ ಅತಿ ಹೆಚ್ಚು ಗೋಲುಗಳ ಆಟಗಾರರಾದರು. ಫಾಲ್ಕಾವೊಗೆ ಮುಂದಿನ ಎರಡು ವರ್ಷಗಳು ಕಷ್ಟದವು. ಇಂಗ್ಲೆಂಡಿನ ಎರಡು ಕ್ಲಬ್‌ಗಳಲ್ಲಿ ಅವರ ಕಾಲಿಗೆ ಹಳೆಯ ಲಯ ಸಿಗಲಿಲ್ಲ. ಮೊನಾಕೊಗೆ ಮರಳಿದ ಮೇಲೆ ಸಿಕ್ಕಿತು. 2018ರ ಜೂನ್ 24ರಂದು ಕಜಾನಿನಲ್ಲಿ, ಪೋಲೆಂಡ್ ವಿರುದ್ಧದ ಪಂದ್ಯದ 70ನೆಯ ನಿಮಿಷದಲ್ಲಿ, 32 ವರ್ಷದ ನಾಯಕ ಫಾಲ್ಕಾವೊ ಡಿಫೆಂಡರುಗಳ ನಡುವಿನಿಂದ ಓಡಿ, ಬಲಗಾಲಿನ ಹೊರಬದಿಯಿಂದ ಚೆಂಡನ್ನು ಗೋಲಿನೊಳಕ್ಕೆ ತಳ್ಳಿದರು. ವಿಶ್ವಕಪ್ಪಿನಲ್ಲಿ ಅದು ಅವರ ಮೊದಲ ಗೋಲು. ಆಮೇಲೆ ಮೈದಾನದ ಅಂಚಿಗೆ ಓಡಿದ ಅವರ ಮೇಲೆ ಇಡೀ ತಂಡ ಬಂದು ಬಿದ್ದಿತು. ಬೆಂಚಿನ ಬಳಿ ನಿಂತು ನೋಡುತ್ತಿದ್ದ ಕೋಚ್ ಅದೇ ಪೆಕೆರ್‌ಮನ್.